ಕಣಕ್ಕೆ ಮರಳಿದ ಹೆಂಗಸರು

ಸಂಕ್ರಾಂತಿಯ ಸಂಜೆ ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುತ್ತಾರೆ. ವರ್ಷವಿಡೀ ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆದವಳು ಹೆಂಗಸು. ಅಂದು ಹಗ್ಗ ಹಿಡಿದು ಬೆಂಕಿ ದಾಟುವವನು ಗಂಡಸು. ಎತ್ತಿನಗಾಡಿ ಓಟಕ್ಕೆ ಅವಕಾಶ ಕೊಟ್ಟ 2017ರ ರಾಜ್ಯ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಆ ಗಾಡಿಗಳ ಮೇಲೆ ಕಾಣುವವರೂ ಬಹುಮಟ್ಟಿಗೆ ಗಂಡಸರೇ.

ದನದ ಕೆಲಸವೇ ಪಂದ್ಯವಾಗಿ ಬೆಳೆದ ಇನ್ನೊಂದು ಸೀಮೆ ಅಮೆರಿಕದ ಪಶ್ಚಿಮ ಭಾಗ. ಕರುವಿಗೆ ಹಗ್ಗ ಬೀಸುವುದು, ಪಳಗದ ಕುದುರೆ ಏರುವುದು ಅಲ್ಲಿನ ದನಗಾಹಿಗಳ ದುಡಿಮೆ; ಜನ ಸೇರಿಸಿ ಅದನ್ನೇ ಆಡಿದಾಗ ರೋಡಿಯೋ ಆಯಿತು. ದುಡಿಮೆಯಲ್ಲಿದ್ದ ಹೆಣ್ಣುಮಕ್ಕಳು ಮೊದಮೊದಲ ಕಣದಲ್ಲೂ ಇದ್ದರು. 1904ರಲ್ಲಿ ವ್ಯೋಮಿಂಗ್‌ನ ಶಾಯೆನ್‌ನಲ್ಲಿ ಬರ್ಥಾ ಕೇಪರ್ನಿಕ್ ಕೆಸರುಗಟ್ಟಿದ ನೆಲದಲ್ಲಿ ಒದೆಯುವ ಕುದುರೆ ಏರಿದರು.

1929ರ ಸೆಪ್ಟೆಂಬರ್‌ನಲ್ಲಿ ಆರೆಗಾನ್‌ನ ಪೆಂಡಲ್ಟನ್ ಊರಿನ ರೋಡಿಯೋದಲ್ಲಿ ಆದದ್ದು ಎಲ್ಲವನ್ನೂ ಕೆಡಿಸಿತು. ಹೆಂಗಸರು ಬೀಳದಿರಲೆಂದು ಎರಡೂ ರಿಕಾಬುಗಳನ್ನು ಕುದುರೆಯ ಹೊಟ್ಟೆಯಡಿ ಪಟ್ಟಿಯಿಂದ ಬಿಗಿಯುವ ರೂಢಿಯಿತ್ತು. ಅಂದು ಬಾನಿ ಮೆಕ್ಯಾರೊಲ್ ಎಂಬವರು ಏರಿದ ಕುದುರೆ ಮಗುಚಿಬಿತ್ತು. ಎದ್ದು ಓಡಿದ ಅದರ ರಿಕಾಬಿನಿಂದ ಕಾಲು ಬಿಡಿಸಿಕೊಳ್ಳಲಾಗದೆ ಅವರು ನೆಲಕ್ಕೆ ಅಪ್ಪಳಿಸುತ್ತಾ ಹೋದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ತೆಗೆಯಬೇಕಿದ್ದದ್ದು ಆ ಪಟ್ಟಿಯನ್ನು. ತೆಗೆದದ್ದು ಹೆಂಗಸರ ಪಂದ್ಯವನ್ನು! 1931ರಲ್ಲಿ ಟೆಕ್ಸಸ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಅವರನ್ನು ಮತ್ತೆ ಕರೆದರೇನೋ ನಿಜ, ಆದರೆ ಸವಾರಿಯ ಜತೆಗೆ ಉಡುಗೆತೊಡುಗೆಗೂ ಅಂಕವಿತ್ತು.

1948ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಜೆಲೊದಲ್ಲಿ 38 ಮಂದಿ ಹೆಂಗಸರು ತಮ್ಮದೇ ಸಂಘ ಕಟ್ಟಿದರು. ದನ ಪಳಗಿಸುವ ಕೈ ನಮ್ಮ ಹೆಣ್ಣುಮಕ್ಕಳಿಗೂ ಇದೆ. ಇಂಥದ್ದೊಂದು ಸಂಘ ನಮ್ಮಲ್ಲೂ ಹುಟ್ಟಬೇಕೆಂಬುದು ನನ್ನ ಆಸೆ. ಟೆಕ್ಸಸ್‌ನ ಆ ಸಂಘದವರು ಬೆಳೆಸಿದ್ದು ಮೂರು ಪೀಪಾಯಿಗಳನ್ನು ಸುತ್ತಿ ಬರುವ ಕುದುರೆ ಓಟ. ಗಡಿಯಾರವೇ ತೀರ್ಪುಗಾರ, ಪೀಪಾಯಿ ಉರುಳಿದರೆ 5 ಸೆಕೆಂಡು ದಂಡ. ಶಾರ್ಮೇನ್ ಜೇಮ್ಸ್ 1984ರಿಂದ ಸತತ 10 ವರ್ಷ ಇದರಲ್ಲಿ ವಿಶ್ವ ಪಟ್ಟ ಗೆದ್ದರು. 1985ರ ರಾಷ್ಟ್ರೀಯ ರೋಡಿಯೋ ಫೈನಲ್ಸ್‌ನ ಒಂದು ಸುತ್ತಿನಲ್ಲಿ ಅವರ ಕುದುರೆ ಸ್ಕ್ಯಾಂಪರ್‌ನ ತಲೆಪಟ್ಟಿಯೇ ಕಳಚಿತು. ಲಗಾಮಿನ ಹಂಗಿಲ್ಲದೆ ಅದು ಮೂರೂ ಪೀಪಾಯಿ ಸುತ್ತಿತು, ಆ ಸುತ್ತನ್ನು ಗೆದ್ದೂಬಿಟ್ಟಿತು.

2020ರಲ್ಲಿ ರಾಷ್ಟ್ರೀಯ ಫೈನಲ್ಸ್ ಜತೆಗೆ ಹೆಂಗಸರ ಹಗ್ಗ ಬೀಸುವ ಪಂದ್ಯವೂ ಮೊದಲ ಬಾರಿಗೆ ನಡೆಯಿತು. ಹಗ್ಗದ ತುದಿಯನ್ನು ಜೀನಿಗೆ ತೆಳು ದಾರದಿಂದ ಕಟ್ಟಿರುತ್ತಾರೆ. ಕರುವಿನ ಕೊರಳಿಗೆ ಕುಣಿಕೆ ಬಿದ್ದು ದಾರ ಹರಿದ ಕೂಡಲೇ ಗಡಿಯಾರ ನಿಲ್ಲುತ್ತದೆ. ಆ ವರ್ಷ ಪಟ್ಟ ಗೆದ್ದ ಜಾಕಿ ಕ್ರಾಫರ್ಡ್ ಆಗ ಬಸುರಿ.