ನಿಂತ ಎಂಜಿನ್ನೂ ಬುಸುಗುಡಬೇಕು

ಮನೆಯಂಗಳದಲ್ಲಿ ಓಡಿಸುವ ಮಾದರಿ ರೈಲಿಗೆ ಎರಡು ಹಳಿಗಳ ನಡುವೆ 45 ಮಿಲಿಮೀಟರ್ ಅಂತರ. ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ 1968ರಲ್ಲಿ ‘ಎಲ್‌ಜಿಬಿ’ ಹೆಸರಿನಲ್ಲಿ ಇಂಥ ರೈಲುಗಳನ್ನು ಹೊರತಂದಿತು. ಮೀಟರ್ ಗೇಜನ್ನು 22.5ರಿಂದ ಭಾಗಿಸಿ ನೋಡಿ, ಹೆಚ್ಚುಕಡಿಮೆ ಇದೇ ಅಳತೆ ಸಿಗುತ್ತದೆ. ಕೊಪ್ಪಳದ ಮೇಲೆ ಹಾದುಹೋಗುವ ಹುಬ್ಬಳ್ಳಿ–ಗುಂತಕಲ್ ಮಾರ್ಗವೂ ಬ್ರಾಡ್‌ಗೇಜ್ ಆಗುವ ಮೊದಲು ಮೀಟರ್ ಗೇಜೇ. ಹಾಗಾಗಿ ಮೀಟರ್ ಗೇಜಿನ ಹಳೆಯ ‘ವೈಪಿ’ ಉಗಿ ಎಂಜಿನ್ನನ್ನು ಅದೇ ಪ್ರಮಾಣದಲ್ಲಿ ಮಾಡಿದರೆ ಈ ಹಳಿಯ ಮೇಲೆ ಸರಿಯಾಗಿ ಕೂರುತ್ತದೆ.

ನಾನು ಪಿವಿಸಿ ಪೈಪು, ಪ್ಲೈವುಡ್‌ನಲ್ಲಿ ಮಾಡಿದ್ದು ಅದನ್ನೇ. ಆದರೆ ಆಕಾರಕ್ಕಿಂತ ನನಗೆ ಹೆಚ್ಚು ಬೇಕಿದ್ದದ್ದು ಸದ್ದು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. ದೇಶದ ಬ್ರಾಡ್‌ಗೇಜ್ ಹಳಿಗಳಿಂದ ಉಗಿ ಎಂಜಿನ್ ಮರೆಯಾದದ್ದು 1995ರಲ್ಲೇ. ನಮ್ಮೂರು ಹುಲಿಹೈದರದ ಸುತ್ತಿನ ಹೊಸ ಹಳಿಗಳು ಉಗಿಬಂಡಿಯನ್ನು ಕಂಡೇ ಇಲ್ಲ. ಮನೆಯಲ್ಲಿ ಆ ಸದ್ದು ಗೊತ್ತಿರುವುದು ಕೊಪ್ಪಳಕ್ಕೆ ಹೋಗಿ ರೈಲು ಹತ್ತುತ್ತಿದ್ದ ಅಜ್ಜನಿಗೆ ಮಾತ್ರ. ಅವರಿಗೀಗ ಕಣ್ಣು ಮಂಜು. ಎಂಜಿನ್ ಹೇಗಿದೆ ಎಂಬುದನ್ನು ಅವರು ಕಿವಿಯಿಂದಲೇ ಹೇಳಬೇಕು.

ವಿದೇಶಿ ಸೌಂಡ್ ಡಿಕೋಡರ್ ತರಿಸಿದರೆ ಕೆಲಸ ಸುಲಭ. ಆದರೆ ಈ ಗಾತ್ರದ ಎಂಜಿನ್‌ಗೆ ಬೇಕಾದ ಒಳ್ಳೆಯ ಡಿಕೋಡರ್ ಒಂದರ ಬೆಲೆಯೇ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಅಗ್ಗದ ಎಂಪಿ3 ಮಾಡ್ಯೂಲ್ ಸೀಟಿಗೆ ಸಾಕು, ‘ಚುಕ್ ಚುಕ್’ಗೆ ಸಾಲದು. ಎರಡು ಸಿಲಿಂಡರಿನ ಉಗಿ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರಿನ ಎರಡೂ ತುದಿಯಿಂದ ಉಗಿ ಹೊರಬೀಳುತ್ತದೆ. ಅಂದರೆ ಚಾಲಕ ಚಕ್ರದ ಒಂದು ಸುತ್ತಿಗೆ ನಾಲ್ಕು ‘ಚುಕ್’. ಚಕ್ರ ಸೆಕೆಂಡಿಗೆ ಎರಡು ಸುತ್ತು ಹೊಡೆದರೆ ಎಂಟು. ಹಾಡಿನಂತೆ ಒಂದೇ ಲಯದಲ್ಲಿ ಫೈಲ್ ಓಡಿಸಿದರೆ ಬಂಡಿ ನಿಧಾನವಾದಾಗ ಸದ್ದು ಮುಂದೋಡುತ್ತದೆ.

ಹಾಗಾಗಿ ಚಾಲಕ ಚಕ್ರದ ಅಚ್ಚಿಗೆ ನಾಲ್ಕು ಪುಟ್ಟ ಅಯಸ್ಕಾಂತ ಅಂಟಿಸಿ, ಪಕ್ಕದಲ್ಲಿ ಹಾಲ್ ಸೆನ್ಸರ್ ಇಟ್ಟೆ. ನಾಲ್ಕರದ್ದೂ ಒಂದೇ ಧ್ರುವ ಸೆನ್ಸರ್ ಕಡೆಗಿರಬೇಕು. ಅಯಸ್ಕಾಂತ ಹಾದಾಗಲೆಲ್ಲ ಇಎಸ್‌ಪಿ32 ಬೋರ್ಡ್ ತನ್ನ ಮೆಮೊರಿಯಲ್ಲಿರುವ ಒಂದೊಂದು ‘ಚುಕ್’ ತುಣುಕನ್ನು 3 ವಾಟ್‌ನ ಸಣ್ಣ ಆಂಪ್ಲಿಫೈಯರ್‌ಗೆ ಕಳಿಸುತ್ತದೆ. ತುಣುಕುಗಳಿಗೆ ಮೂಲ ನಮ್ಮ ಅಡುಗೆಮನೆಯ ಕುಕ್ಕರ್. ಮೊಬೈಲ್‌ನಲ್ಲಿ ಅದರ ಬುಸ್ಸನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ನಾಲ್ಕಕ್ಕೂ ದನಿಯಲ್ಲಿ ತುಸು ಏರುಪೇರು ಕೊಟ್ಟೆ.

ಇನ್ನುಳಿದದ್ದು ವಿದ್ಯುತ್ತು. ಹೆಚ್ಚು ತಲೆ ತಿಂದದ್ದು ಇದೇ. ಸಾಮಾನ್ಯ ಡಿಸಿ ಮಾದರಿ ರೈಲಿನಲ್ಲಿ ಹಳಿಯ ವೋಲ್ಟೇಜ್ ಏರಿಸಿದರೆ ವೇಗ ಹೆಚ್ಚುತ್ತದೆ, ಸೊನ್ನೆ ಮಾಡಿದರೆ ಬಂಡಿ ನಿಲ್ಲುತ್ತದೆ. ಸದ್ದಿಗೂ ಅದೇ ಹಳಿಯಿಂದ ವಿದ್ಯುತ್ ಬರುವುದರಿಂದ ಬಂಡಿ ನಿಂತೊಡನೆ ಸದ್ದೂ ನಿಲ್ಲುತ್ತದೆ. ಮೊದಲ ಹಂತದಲ್ಲಿ ಹೀಗೇ ಓಡಿಸಿದಾಗ ಅಜ್ಜ ಕೇಳಿಸಿಕೊಂಡು, ‘ನಿಂತ ಎಂಜಿನ್ ಹಿಂಗ ಸುಮ್ಮನ ಇರತಿದ್ದಿಲ್ಲಪ, ಬುಸುಗುಡತಿತ್ತು’ ಅಂದರು.

ನಿಂತಾಗಲೂ ವಿದ್ಯುತ್ ಬೇಕೆಂದರೆ ಒಳಗೆ ಬ್ಯಾಟರಿ ಇಡುವುದು ಒಂದು ದಾರಿ. ಹೊರದೇಶದ ಹವ್ಯಾಸಿಗಳಲ್ಲಿ ಹಲವರು ಲಿಥಿಯಂ ಬ್ಯಾಟರಿ ಇಡುತ್ತಾರೆ. ಆದರೆ ಸಾಮಾನ್ಯ ಲಿಥಿಯಂ ಅಯಾನ್ ಸೆಲ್‌ಗಳನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡುವಂತಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ಕಪ್ಪು ಬಣ್ಣ ಬಳಿದ ಮುಚ್ಚಿದ ಡಬ್ಬಿಯೊಳಗೆ ಆ ಸೆಲ್ ಇಡಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ದಾರಿ ಹಳಿಯಲ್ಲಿ ಸದಾ ಒಂದೇ ವೋಲ್ಟೇಜ್ ಇಟ್ಟು, ವೇಗದ ನಿಯಂತ್ರಣವನ್ನು ಎಂಜಿನ್ನಿನೊಳಕ್ಕೆ ಒಯ್ಯುವುದು. ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯ ತಿರುಳೂ ಇದೇ. ಹಳೆಯ ಲ್ಯಾಪ್‌ಟಾಪ್ ಚಾರ್ಜರ್‌ನ 19 ವೋಲ್ಟ್ ಅನ್ನು ಹಳಿಗೆ ಕೊಟ್ಟೆ. ಇಎಸ್‌ಪಿ32 ಬ್ಲೂಟೂತ್‌ನಲ್ಲಿ ಮೊಬೈಲಿನ ಆದೇಶ ಪಡೆದು ಮೋಟಾರಿನ ವೇಗ, ದಿಕ್ಕು ನೋಡಿಕೊಳ್ಳುತ್ತದೆ. ಎಂಜಿನ್ನನ್ನು ಹಳಿಯ ಮೇಲೆ ಯಾವ ಕಡೆ ಮುಖ ಮಾಡಿ ಇಟ್ಟರೂ ಪ್ಲಸ್ ಮೈನಸ್ ಅದಲುಬದಲಾಗಬಾರದೆಂದು ಬ್ರಿಜ್ ರೆಕ್ಟಿಫೈಯರ್, ಅದರ ಮುಂದೆ 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್.

ಇಷ್ಟಾದರೂ ಧೂಳು ಬಿಡುವುದಿಲ್ಲ. ಹಿತ್ತಾಳೆ ಹಳಿ ದುಬಾರಿಯೆಂದು ನಾನು ಅಲ್ಯೂಮಿನಿಯಂ ಪಟ್ಟಿ ಹಾಸಿದ್ದೇನೆ. ಅದರ ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್‌ನಿಂದ ಉಜ್ಜಿದರೂ ಅಲ್ಲಲ್ಲಿ ಕ್ಷಣಕಾಲ ಸಂಪರ್ಕ ತಪ್ಪುತ್ತದೆ. ಆ ಕ್ಷಣ ಬೋರ್ಡ್ ಆಫ್ ಆಗಿ ಮತ್ತೆ ಶುರುವಾಗುವಷ್ಟರಲ್ಲಿ ಸದ್ದು ಬಿಕ್ಕುತ್ತದೆ. ಅದನ್ನು ದಾಟಿಸಲು ಕೆಪಾಸಿಟರ್ ಬೇಕು. ಎಷ್ಟು ದೊಡ್ಡದು?

ಲೆಕ್ಕ ಪಿಯುಸಿಯದ್ದೇ. ಬೋರ್ಡು, ಸದ್ದು ಸೇರಿ 1.5 ವಾಟ್, ಅರ್ಧ ಸೆಕೆಂಡಿಗೆ 0.75 ಜೌಲ್. ರೆಕ್ಟಿಫೈಯರ್ ದಾಟಿ ಬರುವುದು ಸುಮಾರು 17.6 ವೋಲ್ಟ್, ಬಕ್ ಕನ್ವರ್ಟರ್ 7 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಿ. ಕೆಪಾಸಿಟರ್‌ನ ಶಕ್ತಿ ಅರ್ಧ ಸಿವಿ ವರ್ಗ. ಎರಡು ವೋಲ್ಟೇಜ್‌ಗಳ ನಡುವಿನ ವ್ಯತ್ಯಾಸ ಹಾಕಿದರೆ ಸುಮಾರು 5,800 ಮೈಕ್ರೊಫ್ಯಾರಡ್ ಬರುತ್ತದೆ. ಕನ್ವರ್ಟರ್‌ನ ನಷ್ಟ ಶೇ 20 ಎಂದು ಹಿಡಿದರೆ 7,200. ಅಂಗಡಿಯಲ್ಲಿ ಸಿಗುವ 4,700ರ ಎರಡನ್ನು ಜೋಡಿಸಿದೆ. 35 ವೋಲ್ಟ್, 105 ಡಿಗ್ರಿ ತಾಳುವಂಥವು. ಖಾಲಿ ಕೆಪಾಸಿಟರ್ ಮೊದಲ ಕ್ಷಣ ಶಾರ್ಟ್ ಸರ್ಕ್ಯೂಟ್‌ನಂತೆ ವಿದ್ಯುತ್ ಎಳೆಯುವುದರಿಂದ ಅದಕ್ಕೆ ಸರಣಿಯಲ್ಲಿ 22 ಓಮ್ ರೆಸಿಸ್ಟರ್. ವಾಪಸ್ ಬರುವಾಗ ಅಡ್ಡಿಯಾಗದಂತೆ ರೆಸಿಸ್ಟರ್‌ಗೆ ಸಮಾಂತರವಾಗಿ ಒಂದು ಡಯೋಡ್. ಕೂಡಿಟ್ಟದ್ದನ್ನು ಮೋಟಾರ್ ಕಬಳಿಸದಂತೆ ಇನ್ನೊಂದು ಡಯೋಡ್.

ಸ್ಪೀಕರ್ ಇರುವುದು ಹಿಂದಿನ ಕಲ್ಲಿದ್ದಲ ಡಬ್ಬಿಯಲ್ಲಿ. ಬರಿಯ ಸ್ಪೀಕರ್‌ನ ಮುಂದಿನ, ಹಿಂದಿನ ಅಲೆಗಳು ಬೆರೆತು ಒಂದನ್ನೊಂದು ಅಳಿಸುತ್ತವೆ. ಹಿಂಬದಿಗೆ ಸಂದಿಯಿಲ್ಲದಂತೆ ಪುಟ್ಟ ಪೆಟ್ಟಿಗೆ ಕೂರಿಸಿದರೆ ಅದೇ ಸ್ಪೀಕರ್ ಅಂಗಳ ತುಂಬುತ್ತದೆ.

ಎಂಜಿನಿಯರಿಂಗ್ ಓದುವ ನಮ್ಮಲ್ಲಿ ಎಷ್ಟೋ ಮಂದಿ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುತ್ತೇವೆ. ಅದು ಓಡುತ್ತದೆ, ಅಂಕವೂ ಬರುತ್ತದೆ. ಆದರೆ ಕೆಲಸದ ಸಂದರ್ಶನದಲ್ಲಿ ‘ಇಲ್ಲಿ ಈ ಕೆಪಾಸಿಟರ್ ಯಾಕೆ? ಇಷ್ಟೇ ಯಾಕೆ?’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ನನ್ನ ರೈಲಿನ ಬಿಡಿಭಾಗ ಒಂದೊಂದಕ್ಕೂ ಕಾರಣವಿದೆ. ಒಂದಕ್ಕೆ ನಮ್ಮೂರ ಬಿಸಿಲು, ಒಂದಕ್ಕೆ ಧೂಳು, ಒಂದಕ್ಕೆ ಅಜ್ಜನ ಕಿವಿ. ರೆಕ್ಟಿಫೈಯರ್, ಸೆನ್ಸರ್, ಮೋಟಾರ್ ಡ್ರೈವ್, ಆಡಿಯೊ ಎಲ್ಲವನ್ನೂ ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಓದುತ್ತೇವೆ. ಅವು ಒಟ್ಟಿಗೆ ಕೂತು ಜಗಳವಾಡುವುದು ಇಂಥ ಡಬ್ಬಿಯೊಳಗೆ ಮಾತ್ರ.

ಪ್ರಾಜೆಕ್ಟ್ ಹುಡುಕುತ್ತಿದ್ದರೆ ರೈಲೇ ಮಾಡಬೇಕೆಂದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೋ ಚೆನ್ನಾಗಿ ಗೊತ್ತಿರುವ ಒಂದು ಯಂತ್ರ ಆರಿಸಿಕೊಳ್ಳಿ. ಸರ್ಕ್ಯೂಟ್ ತಪ್ಪಿದ್ದರೆ ಮೀಟರ್ ಹೇಳುತ್ತದೆ, ಸದ್ದು ತಪ್ಪಿದ್ದರೆ ಹೇಳಲು ಕೇಳಿದವರೇ ಬೇಕು. ಈಗ ನಮ್ಮ ಎಂಜಿನ್ ಅಂಗಳದ ತುದಿಯಲ್ಲಿ ನಿಂತಾಗಲೂ ಬುಸುಗುಡುತ್ತದೆ. ಸೀಟಿ ಇನ್ನೂ ಕೀರಲು ಎಂಬುದು ಅಜ್ಜನ ಹೊಸ ತಕರಾರು.