ಮನೆಯ ಹೊರಗೆ ಎಲ್‌ಇಡಿ ಪಟ್ಟಿ: ಮಳೆಯ ಲೆಕ್ಕವೂ ಇರಲಿ

ದೀಪಾವಳಿಗೆ ತಾರಸಿ, ಕಾಂಪೌಂಡಿಗೆ ಎಲ್‌ಇಡಿ ಪಟ್ಟಿಯನ್ನು ಸ್ವತಃ ಅಳವಡಿಸುವವರು ಹಲವರು. ಹಿಂಗಾರು ಮಳೆ ಸುರಿಯುವುದೂ ಅದೇ ಹೊತ್ತಿಗೆ.

ಮಾರುಕಟ್ಟೆಯಲ್ಲಿ ದೊರೆಯುವ 230 ವೋಲ್ಟ್ ಪಟ್ಟಿಯ ಜೋಡಣೆ ಸುಲಭ. ಆದರೆ ಅದರ ಹೊದಿಕೆ ಒಂದೆಡೆ ಸೀಳಿದರೂ ಸಾಕು, ಒದ್ದೆ ಗ್ರಿಲ್ ಮುಟ್ಟಿದವರ ಪ್ರಾಣಕ್ಕೇ ಸಂಚಕಾರ. ಮಕ್ಕಳ ಕೈಗೆಟಕುವಲ್ಲಿ 12 ವೋಲ್ಟ್ ಪಟ್ಟಿಯೇ ಲೇಸು. ಅದರ ಅಡಾಪ್ಟರನ್ನು ಮನೆಯೊಳಗೆ ಅಥವಾ ನೀರು ನುಗ್ಗದ ಪೆಟ್ಟಿಗೆಯಲ್ಲಿರಿಸಬೇಕು.

ಐಪಿ 65 ದರ್ಜೆಯ ಪಟ್ಟಿ ಮಳೆಹನಿಯನ್ನು ತಡೆಯಬಲ್ಲದು. ನೀರು ನಿಲ್ಲುವ ಜಾಗಕ್ಕೆ ಐಪಿ 67 ಅಗತ್ಯ.

ಮೀಟರಿಗೆ 14.4 ವ್ಯಾಟ್ ಬಳಸುವ ಪಟ್ಟಿಯಾದರೆ 5 ಮೀಟರಿಗೆ 72 ವ್ಯಾಟ್, ಅಂದರೆ 6 ಆಂಪಿಯರ್. ಅಡಾಪ್ಟರ್ 90 ವ್ಯಾಟಿನದಾದರೂ ಇರಬೇಕು. ಒಂದೇ ತುದಿಯಿಂದ 10 ಮೀಟರ್ ಎಳೆದರೆ ವೋಲ್ಟೇಜ್ ಕುಸಿದು ಕೊನೆಯ ದೀಪಗಳು ಮಂಕಾಗುತ್ತವೆ. ಪ್ರತಿ 5 ಮೀಟರಿಗೂ ಪ್ರತ್ಯೇಕ ತಂತಿ ನೀಡುವುದೇ ಇದಕ್ಕೆ ಪರಿಹಾರ. ಅಡಾಪ್ಟರಿನ ಸಾಮರ್ಥ್ಯವೂ ಆಗ ಅದಕ್ಕೆ ತಕ್ಕಂತೆ ಹೆಚ್ಚಬೇಕು.

ಪಟ್ಟಿಯನ್ನು ಗುರುತಿರುವಲ್ಲಿ, ಸಾಮಾನ್ಯವಾಗಿ ಮೂರು ದೀಪಗಳಿಗೊಮ್ಮೆ, ಮಾತ್ರ ಕತ್ತರಿಸಬಹುದು. ಆ ತುದಿಗೆ ಸಿಲಿಕೋನ್ ತುಂಬಿ ಮುಚ್ಚಳ ಹಾಕದಿದ್ದರೆ ಐಪಿ ದರ್ಜೆಗೆ ಅರ್ಥವೇ ಇಲ್ಲ. ಹಿಂಬದಿಯ ಅಂಟು ಸುಣ್ಣದ ಗೋಡೆಗೆ ಬಹುಕಾಲ ನಿಲ್ಲದು, ಕ್ಲಿಪ್ ಬಳಸುವುದು ಒಳಿತು.

ಸಂಪರ್ಕ ನೀಡುವ ಮುನ್ನ ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಅದನ್ನು ಹಾಕಿಸುವ ಕೆಲಸ ಮಾತ್ರ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನದು.