ನರಿಬಾಲದ ತಾಳೆ: ಬದುವಿಗೆ ಸೈ, ಹೊಲಕ್ಕೆ ಬೇಡ

ಬೆಂಗಳೂರಿನ ಸಿದ್ದಾಪುರಕ್ಕೆ ಹೋದವರು ಈ ಗಿಡವನ್ನು ನೋಡದೆ ಬರುವುದು ಕಷ್ಟ. ನರ್ಸರಿಯ ಮುಂಭಾಗದಲ್ಲೇ ಸಾಲಾಗಿ ನಿಲ್ಲಿಸಿರುತ್ತಾರೆ. ದೂರದಿಂದ ನೋಡಿದರೆ ಅಡಿಕೆ ಸಸಿಯ ದೊಡ್ಡಣ್ಣನ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಗರಿಯೇ ಬೇರೆ. ಅಡಿಕೆ, ತೆಂಗಿನ ಗರಿಯಲ್ಲಿ ಎಲೆಗಳು ದಂಟಿನ ಎರಡು ಪಕ್ಕಕ್ಕೆ ಮಾತ್ರ ಇರುತ್ತವೆ. ಇದರಲ್ಲಿ ದಂಟಿನ ಸುತ್ತಲೂ ಎಲ್ಲಾ ದಿಕ್ಕಿಗೂ ಎಲೆ. ಹಾಗಾಗಿ ಇಡೀ ಗರಿ ನರಿಯ ಬಾಲದಂತೆ ಉಬ್ಬಿಕೊಂಡಿರುತ್ತದೆ. ಅದಕ್ಕೇ ಇಂಗ್ಲಿಷಿನವರು ಫಾಕ್ಸ್‌ಟೇಲ್ ಪಾಮ್ ಅಂದರು. ನಮ್ಮ ಬಾಯಲ್ಲಿ ನರಿಬಾಲದ ತಾಳೆ ಅನ್ನೋಣ.

ಕನಕಪುರ ರಸ್ತೆ ಕಡೆಯ ನನ್ನ ತೋಟದ ಬದುವಿನಲ್ಲಿ ಇದನ್ನು ಬೆಳೆಸುತ್ತಿದ್ದೇನೆ, ಸಸಿಗಳನ್ನು ಸಿದ್ದಾಪುರದ ನರ್ಸರಿಯವರಿಗೆ ಕೊಡುತ್ತಿದ್ದೇನೆ. ನೋಡಿದವರೆಲ್ಲ ಕೇಳುವುದು ಎರಡೇ ಪ್ರಶ್ನೆ. "ತಿನ್ನೋಕೆ ಏನಾದ್ರೂ ಬರುತ್ತಾ?" ಇಲ್ಲ. "ಹಂಗಾದ್ರೆ ಎಕರೆಗೆ ಎಷ್ಟು ಸಿಗುತ್ತೆ?" ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಸಿದ್ದಾಪುರವೇ ಏಕೆ?

ಲಾಲ್‌ಬಾಗಿನ ಪಕ್ಕದ ಊರು ಸಿದ್ದಾಪುರ. 1760ರಲ್ಲಿ ಹೈದರಾಲಿ ಶುರು ಮಾಡಿದ ಆ ತೋಟಕ್ಕೆ ದೇಶ ವಿದೇಶದ ಗಿಡಗಳು ಬಂದವು. 1908ರಿಂದ 1932ರವರೆಗೆ ತೋಟದ ಹೊಣೆ ಹೊತ್ತಿದ್ದ ಕ್ರುಂಬಿಗಲ್ ಅವರ ಕಾಲದಲ್ಲೂ ಹೊಸ ಜಾತಿಗಳು ಸೇರಿದವು. ಸುತ್ತಲ ಊರುಗಳಲ್ಲಿ ಹೂವು, ಸೊಪ್ಪು, ತರಕಾರಿ ಬೆಳೆದು ಕೈ ಪಳಗಿದ್ದ ತಿಗಳರಿದ್ದರು. ಕಸಿ ಕಟ್ಟುವುದು, ಗೂಟಿ ಹಾಕುವುದು, ಬೀಜ ಮೊಳೆಸುವುದು ಅವರ ಮನೆಯ ವಿದ್ಯೆ. ಈ ವಿದ್ಯೆ ಮತ್ತು ಆ ಗಿಡಗಳು ಸೇರಿಯೇ ಸಿದ್ದಾಪುರದ ನರ್ಸರಿ ಕಸುಬು ಬೆಳೆದದ್ದು.

1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿತ್ತು. ಆಮೇಲೆ ಊರು ತೋಟವನ್ನು ನುಂಗುತ್ತಾ ಬಂತು. ಈಗ ಸಿದ್ದಾಪುರದಲ್ಲಿ ಮಾರುವ ಜಾಗ ಇದೆ, ಬೆಳೆಸುವ ಜಾಗ ಕಡಿಮೆ. ಬಹಳಷ್ಟು ಗಿಡ ಆಂಧ್ರದ ಗೋದಾವರಿ ತೀರದ ಕಡಿಯಂನಿಂದ ಲಾರಿಯಲ್ಲಿ ಬರುತ್ತದೆ. ಉಳಿದದ್ದು ಬೆಂಗಳೂರಿನ ಸುತ್ತಲಿನ ನಮ್ಮಂಥವರ ಹೊಲಗಳಿಂದ. ಸಣ್ಣ ರೈತನಿಗೆ ಅವಕಾಶ ಇರುವುದು ಇಲ್ಲೇ.

ನಮ್ಮ ಅಡಿಕೆ ಬೆಳೆಗಾರ ಮಿತ್ರರಿಗೆ ಒಂದು ಎಚ್ಚರಿಕೆ. ನರ್ಸರಿಯಲ್ಲಿ 'ಅರೆಕಾ ಪಾಮ್' ಅಂತ ಮಾರುವ ಹಳದಿ ದಂಟಿನ, ಪೊದೆಯಾಗಿ ಬೆಳೆಯುವ ಗಿಡ ನಮ್ಮ ಅಡಿಕೆಯಲ್ಲ. ಅದು ಮಡಗಾಸ್ಕರ್‌ನದು. ಅದರಲ್ಲಿ ಅಡಿಕೆ ಹುಡುಕಬೇಡಿ!

ಬಂಡೆಗಳ ನಡುವಿನಿಂದ ಬಂದ ಮರ

ನರಿಬಾಲದ ತಾಳೆಯ ತವರು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೇಪ್ ಮೆಲ್ವಿಲ್. ಅಲ್ಲಿನ ಬೆಟ್ಟಗಳಲ್ಲಿ ದೊಡ್ಡ ದೊಡ್ಡ ಕಲ್ಲುಬಂಡೆಗಳ ಸಂದಿಯಲ್ಲಿ ಮಾತ್ರ ಇದು ಕಾಡುಗಿಡವಾಗಿ ಬೆಳೆಯುತ್ತದೆ. ಅಲ್ಲಿನ ಮೂಲನಿವಾಸಿಗಳಿಗೆ ಇದು ಹಳೆಯ ಪರಿಚಯ. ಹೊರಗಿನ ಪಂಡಿತರಿಗೆ ತಿಳಿದದ್ದು ತೀರಾ ತಡವಾಗಿ. 1983ರಲ್ಲಿ ಇರ್ವಿನ್ ಎಂಬ ಸಸ್ಯವಿಜ್ಞಾನಿ ಇದಕ್ಕೆ 'ವೊಡಿಯೇಟಿಯಾ ಬೈಫರ್ಕೇಟಾ' ಎಂದು ಹೆಸರಿಟ್ಟರು. ವೊಡಿಯೇಟಿ ಎಂಬುದು ಆ ಸೀಮೆಯ ಗಿಡಮರಗಳನ್ನೆಲ್ಲ ಬಲ್ಲ ಮೂಲನಿವಾಸಿ ಹಿರಿಯರೊಬ್ಬರ ಹೆಸರು. ಅವರು ತೀರಿಕೊಂಡದ್ದು 1978ರಲ್ಲಿ. ಗಿಡದ ಹೆಸರಲ್ಲಿ ಆ ಮಣ್ಣಿನ ಮನುಷ್ಯ ಉಳಿದರು.

ಹೆಸರು ಬಂದದ್ದೇ ತಡ, ಬೀಜಕ್ಕೆ ಬೇಡಿಕೆ ಹುಟ್ಟಿತು. 1990ರ ದಶಕದ ಆರಂಭದಲ್ಲಿ ಕೇಪ್ ಮೆಲ್ವಿಲ್ ಕಾಡಿನಿಂದ ಬೀಜ ಕದ್ದು ಸಾಗಿಸುವ ದಂಧೆಯೇ ನಡೆಯಿತು. ಅಲ್ಲಿ ಅದು ದೊಡ್ಡ ಗಲಾಟೆಯಾಯಿತು.

ಆಮೇಲೆ ಏನಾಯಿತು? ಕದ್ದ ಬೀಜವೋ ಕೊಂಡ ಬೀಜವೋ, ನೆಟ್ಟ ಗಿಡ ದೊಡ್ಡದಾಗಿ ತಾನೇ ಗೊನೆ ಬಿಟ್ಟಿತು. ಗಂಡು ಹೂ ಹೆಣ್ಣು ಹೂ ಒಂದೇ ಹೊಂಬಾಳೆಯಲ್ಲಿ ಇರುವುದರಿಂದ ಒಂಟಿ ಮರವೂ ಕಾಯಿ ಕಟ್ಟುತ್ತದೆ. ಬೆಚ್ಚಗಿನ ದೇಶಗಳಲ್ಲೆಲ್ಲ ಬೀಜ ಸಿಗುವಂತಾಯಿತು. ಕಳ್ಳರು ಬೆನ್ನುಹತ್ತಿದ್ದ ಬೀಜ ಮೂವತ್ತು ವರ್ಷದೊಳಗೆ ಸಾಮಾನ್ಯ ಸರಕಾಯಿತು. ಅಲಂಕಾರದ ಗಿಡ ಬೆಳೆಯುವ ರೈತ ಈ ಕಥೆಯನ್ನು ಮರೆಯಬಾರದು. ಅಪರೂಪಕ್ಕೆ ಸಿಗುವ ಬೆಲೆ ಅಪರೂಪ ಇರುವವರೆಗೆ ಮಾತ್ರ.

ಬೀಜದಿಂದ ಸಸಿ

ಈ ಮರಕ್ಕೆ ಮರಿ ಬರುವುದಿಲ್ಲ. ಬೀಜವೇ ಗತಿ. ಹಣ್ಣು ಕೋಳಿಮೊಟ್ಟೆಯ ಆಕಾರ, ಸುಮಾರು ಎರಡು ಅಂಗುಲ ಉದ್ದ. ಕಿತ್ತಳೆ ಕೆಂಪು ಬಣ್ಣಕ್ಕೆ ತಿರುಗಿದ ಮೇಲೆಯೇ ಕೀಳಬೇಕು. ಹಸಿರು ಕಾಯಿ ಕಿತ್ತರೆ ಮೊಳೆಯುವುದು ಕಷ್ಟ. ತಿರುಳು ಬಿಡಿಸಿದರೆ ಒಳಗೆ ಕಪ್ಪು ನಾರು ಕವಲೊಡೆದು ಬೀಜವನ್ನು ಸುತ್ತಿಕೊಂಡಿರುತ್ತದೆ. ನಾರು ಹಾಗೇ ಇರಲಿ.

ನಾನು ಮಾಡುವ ಕ್ರಮ ಹೀಗೆ. ತಿರುಳು ತೆಗೆದ ಬೀಜವನ್ನು ಎರಡು ದಿನ ನೀರಲ್ಲಿ ನೆನೆಸುತ್ತೇನೆ. ದಿನಾ ನೀರು ಬದಲಿಸುತ್ತೇನೆ. ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಸೇರಿಸಿದ ಪಾತಿಯಲ್ಲಿ, ಬೀಜ ಮುಚ್ಚುವಷ್ಟೇ ಆಳದಲ್ಲಿ ಊರುತ್ತೇನೆ. ಪಾತಿ ತೇವ ಇರಬೇಕು, ಕೆಸರಾಗಬಾರದು.

ಬಿತ್ತಲು ಒಳ್ಳೆಯ ಕಾಲ ಫೆಬ್ರವರಿ ಕೊನೆ, ಮಾರ್ಚ್. ಬೀಜಕ್ಕೆ ಬೆಚ್ಚಗಿನ ಮಣ್ಣು ಬೇಕು. ಏಪ್ರಿಲ್, ಮೇ ತಿಂಗಳ ಸೆಕೆ ಅದಕ್ಕೆ ಹೇಳಿಮಾಡಿಸಿದ್ದು. ಬೆಂಗಳೂರಿನ ಡಿಸೆಂಬರ್ ಚಳಿಗೆ ಬಿತ್ತಿದರೆ ಬೀಜ ಸುಮ್ಮನೆ ಮಲಗಿರುತ್ತದೆ. ಎರಡು ಮೂರು ತಿಂಗಳಲ್ಲಿ ಮೊಳಕೆ ಶುರು. ಆದರೆ ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಕೆಲವು ಬೀಜ ಆರು ತಿಂಗಳು, ವರ್ಷವೂ ತೆಗೆದುಕೊಳ್ಳುತ್ತವೆ. ಹಾಗಾಗಿ ಪಾತಿ ಕೆದಕಿ ಎಸೆಯುವ ಅವಸರ ಬೇಡ.

ಮೊಳಕೆ ಅಡಿಕೆಯ ಹಾಗೇ ಬೀಜದ ಪಕ್ಕದಲ್ಲೇ ಏಳುತ್ತದೆ. ಮೊದಲ ಎಲೆಯೂ ಅಡಿಕೆಯಂತೆ ಎರಡು ಕವಲು. ಅಡಿಕೆ ಸಸಿ ಸಾಕಿದ ಕೈಗೆ ಇದು ಹೊಸದೇನಲ್ಲ. ಮೊದಲ ಎಲೆ ಪೂರ್ತಿ ಬಿಚ್ಚಿದ ಮೇಲೆ ಆಳದ ಪಾಲಿಥಿನ್ ಚೀಲಕ್ಕೆ ಹಾಕಬೇಕು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಭಾಗ. ಬೇರು ಮುರಿಯಬಾರದು. ಒಂದು ವರ್ಷ ಅರೆನೆರಳು, ಆಮೇಲೆ ಮೆಲ್ಲಗೆ ಬಿಸಿಲಿಗೆ.

ಇನ್ನೊಂದು ಮಾತು. ಬೀಜ ತರುವ ಮರದ ಸುತ್ತಮುತ್ತ ಬೇರೆ ಜಾತಿಯ ತಾಳೆಗಳು ಇವೆಯಾ ನೋಡಿಕೊಳ್ಳಿ. ಇದು ವೀಚಿಯಾ ಎಂಬ ತಾಳೆಯ ಜೊತೆ ಬೆರೆತು ಮಿಶ್ರ ತಳಿ ಕೊಡುತ್ತದೆ. ಆ ಸಸಿಯ ಗರಿ ಅರ್ಧ ನರಿ, ಅರ್ಧ ಬೇರೆ. ಗಿರಾಕಿ ಒಪ್ಪುವುದಿಲ್ಲ.

ನೆಲ, ನೀರು, ಗೊಬ್ಬರ

ಇದು ಬಿಸಿಲಿನ ಗಿಡ. ತೋಟದೊಳಗೆ ಅಡಿಕೆ ನೆರಳಲ್ಲಿ ನೆಟ್ಟರೆ ಸೊರಗಿ ಉದ್ದವಾಗುತ್ತದೆ, ಬಾಲ ತುಂಬುವುದಿಲ್ಲ. ಬಂಡೆ ಸಂದಿಯಿಂದ ಬಂದದ್ದರಿಂದ ನೀರು ಬಸಿದು ಹೋಗಲೇಬೇಕು. ನಮ್ಮ ಕೆಂಪು ಗೊರಚು ಮಣ್ಣು ಇದಕ್ಕೆ ಒಪ್ಪುತ್ತದೆ. ಎರೆ ಮಣ್ಣಿನಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ ಬೇರು ಕೊಳೆಯುತ್ತದೆ. ಬೇರು ಬಿಟ್ಟ ಮೇಲೆ ಸ್ವಲ್ಪ ಬರ ತಡೆಯುತ್ತದೆ. ಆದರೆ ಚೆಂದವೇ ಇದರ ಬೆಳೆಯಾದ್ದರಿಂದ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು ಕೊಡುವುದು ಒಳ್ಳೆಯದು.

ಗುಂಡಿ ಎರಡು ಅಡಿ ಸಾಕು. ಚೀಲದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ನೆಲದಲ್ಲೂ ಅಲ್ಲೇ ಇರಬೇಕು. "ಗಾಳಿಗೆ ಅಲ್ಲಾಡದಿರಲಿ" ಅಂತ ಆಳಕ್ಕೆ ಹೂಳುವುದು ತಾಳೆ ಜಾತಿಗೆ ಆಗದು. ಬೇರಿಗೆ ಉಸಿರು ಕಟ್ಟಿ ನಿಧಾನಕ್ಕೆ ಸಾಯುತ್ತದೆ.

ಗೊಬ್ಬರದ ವಿಷಯದಲ್ಲಿ ಎರಡು ಕಾಯಿಲೆ ಗುರುತಿಸಲು ಕಲಿತರೆ ಅರ್ಧ ಗೆದ್ದಂತೆ.

ಮೊದಲನೆಯದು ಪೊಟ್ಯಾಷ್ ಕೊರತೆ. ಕೆಳಗಿನ ಹಳೆಯ ಗರಿಗಳಲ್ಲಿ ಹಳದಿ ಕಿತ್ತಳೆ ಚುಕ್ಕೆ, ತುದಿ ಒಣಗುವುದು. ಚೆಂದ ಕೆಡುತ್ತದೆಂದು ಆ ಗರಿ ಕತ್ತರಿಸಿದರೆ ಕೇಡು ಹೆಚ್ಚುತ್ತದೆ. ಮರ ಆ ಹಳೆಯ ಗರಿಯಿಂದಲೇ ಪೊಟ್ಯಾಷ್ ಎಳೆದು ಹೊಸ ಸುಳಿಗೆ ಕೊಡುತ್ತಿರುತ್ತದೆ. ಅದನ್ನು ಕತ್ತರಿಸಿದರೆ ಮೇಲಿನ ಗರಿಗೂ ಕೊರತೆ ಏರುತ್ತದೆ. ಪೂರ್ತಿ ಒಣಗಿದ ಗರಿ ಅಡಿಕೆ ಹಾಳೆಯಂತೆ ತಾನೇ ಕಳಚಿ ಬೀಳುತ್ತದೆ. ಕತ್ತಿ ಮುಟ್ಟಿಸಬೇಕಾಗಿಲ್ಲ.

ಎರಡನೆಯದು ಮ್ಯಾಂಗನೀಸ್ ಕೊರತೆ. ಇದು ಕಾಣುವುದು ಹೊಸ ಗರಿಯಲ್ಲಿ. ಸುಳಿಯಿಂದ ಬಂದ ಎಲೆ ಸಣ್ಣದಾಗಿ, ಸುಟ್ಟ ಹಾಗೆ ಮುದುರಿರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಗಡಸು ಬೋರ್‌ವೆಲ್ ನೀರು ಹಾಯಿಸುವಲ್ಲಿ, ಕಟ್ಟಡದ ಸಿಮೆಂಟು ಗಾರೆ ಬಿದ್ದ ಮಣ್ಣಿನಲ್ಲಿ ಇದು ಜಾಸ್ತಿ. ಮಣ್ಣು ಕ್ಷಾರವಾದರೆ ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರಿಗೆ 3 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಕರಗಿಸಿ ಸುಳಿಗೆ, ಎಲೆಗೆ ಸಿಂಪಡಿಸಿದರೆ ಮುಂದಿನ ಗರಿ ಸರಿಯಾಗುತ್ತದೆ. ಸುಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ. ಬುಡಕ್ಕೆ ಎಲೆಗೊಬ್ಬರ, ಸಗಣಿ ಗೊಬ್ಬರ ಸದಾ ಇದ್ದರೆ ಈ ತೊಂದರೆ ಕಡಿಮೆ. ಬೂದಿ ಮಾತ್ರ ರಾಶಿ ಸುರಿಯಬೇಡಿ.

ಅಲಂಕಾರದ ಗಿಡದ ಜೊತೆ ಬರುವ ಹುಳು

ನಮ್ಮಂಥವರು ಹೆಚ್ಚು ಯೋಚಿಸಬೇಕಾದ ಜಾಗ ಇದು. ನಾವು ತೆಂಗು ಬೆಳೆಯುವವರು. ಈ ತಾಳೆಯೂ ಅದೇ ಕುಲದ್ದು. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ, ಕಾಂಡ ತಿನ್ನುವ ಕೆಂಪುಮೂತಿ ಹುಳು ಎರಡಕ್ಕೂ ಅಲಂಕಾರದ ತಾಳೆಗಳು ಹೊರತಲ್ಲ. ಕೆಂಪುಮೂತಿ ಹುಳು ನಮ್ಮ ಸೀಮೆಯಿಂದ ಕೊಲ್ಲಿ ದೇಶಗಳಿಗೂ ಯೂರೋಪಿಗೂ ಹೋದದ್ದು ರೆಕ್ಕೆ ಬಡಿದುಕೊಂಡಲ್ಲ. ಹುಳು ಹೊಕ್ಕ ತಾಳೆ ಗಿಡಗಳನ್ನು ಜನರೇ ಸಾಗಿಸಿದ್ದರಿಂದ.

2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡ್ ಕಡೆ ಮೊದಲು ಕಂಡ ಸುರುಳಿ ಬಿಳಿನೊಣ ನಮ್ಮ ರಾಜ್ಯದ ತೆಂಗಿಗೂ ಹಬ್ಬಿದ್ದು ಎಲ್ಲರಿಗೂ ಗೊತ್ತು. ಗರಿಯ ಅಡಿಯಲ್ಲಿ ಬಿಳಿ ಸುರುಳಿ, ಕೆಳಗಿನ ಎಲೆಯ ಮೇಲೆ ಕಪ್ಪು ಮಸಿ. ಅಲಂಕಾರದ ತಾಳೆಗಳ ಮೇಲೂ ಇದು ಕೂರುತ್ತದೆ. ಇದಕ್ಕೆ ವಿಷ ಹೊಡೆಯುವುದರಿಂದ ಲಾಭಕ್ಕಿಂತ ನಷ್ಟ ಹೆಚ್ಚು. ಈ ನೊಣದ ಮರಿಗಳೊಳಗೆ ಮೊಟ್ಟೆ ಇಟ್ಟು ಕೊಲ್ಲುವ ಎನ್ಕಾರ್ಸಿಯಾ ಎಂಬ ಸಣ್ಣ ಕಣಜ ತಾನಾಗಿ ಬೆಳೆಯುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಅದೇ. ಜೋರಾಗಿ ನೀರು ಚಿಮ್ಮಿಸಿ ತೊಳೆಯುವುದು, ಬೇವಿನೆಣ್ಣೆ ಸಿಂಪಡಿಸುವುದು ಸಾಕು.

ಹೊರಗಿನಿಂದ ತಂದ ಗಿಡವನ್ನು ನೇರ ತೆಂಗಿನ ಸಾಲಿನ ಪಕ್ಕ ಇಡಬೇಡಿ. ಒಂದು ತಿಂಗಳು ದೂರ ಇಟ್ಟು, ಗರಿಯ ಅಡಿ, ಸುಳಿ, ಕಾಂಡದ ಬುಡ ನೋಡಿ. ತೂತು, ಹೊಟ್ಟು, ಅಂಟು ಸೋರುವುದು ಕಂಡರೆ ಅದನ್ನು ಸುಟ್ಟುಬಿಡಿ. ಒಂದು ಚೆಂದದ ಗಿಡಕ್ಕಾಗಿ ಕಾಯಿ ಕೊಡುವ ಐವತ್ತು ತೆಂಗನ್ನು ಪಣಕ್ಕಿಡುವುದು ಬೇಡ.

ಮಾರಾಟದ ಲೆಕ್ಕ

ಆರು ಅಡಿಗೊಂದರಂತೆ ನೆಟ್ಟರೆ ಎಕರೆಗೆ 1210 ಗಿಡ, ಎಂಟು ಅಡಿಗೊಂದಾದರೆ 680. ಕಾಗದದ ಮೇಲೆ ಈ ಸಂಖ್ಯೆಯನ್ನು ನರ್ಸರಿಯ ಬೆಲೆಯಿಂದ ಗುಣಿಸಿದರೆ ಕಣ್ಣು ಕತ್ತಲೆ ಬರುತ್ತದೆ. ಈ ಗುಣಾಕಾರ ಹೇಳಿಯೇ ಸಸಿ ಮಾರುವವರು ಊರೂರಿಗೆ ಬರುತ್ತಾರೆ. ನಂಬುವ ಮುಂಚೆ ಮೂರು ವಿಷಯ ಕೇಳಿಕೊಳ್ಳಿ.

ಒಂದು, ನರ್ಸರಿಯಲ್ಲಿ ಕಾಣುವ ಬೆಲೆ ರೈತನ ಬೆಲೆಯಲ್ಲ. ಅದರಲ್ಲಿ ಸಾಗಾಣಿಕೆ, ಸಾಯುವ ಗಿಡ, ಜಾಗದ ಬಾಡಿಗೆ, ಅವರ ಲಾಭ ಎಲ್ಲಾ ಇದೆ.

ಎರಡು, ಅಡಿಕೆಯನ್ನು ಒಣಗಿಸಿ ಚೀಲ ಕಟ್ಟಿ ಬೆಲೆ ಬರುವವರೆಗೆ ಇಡಬಹುದು. ಈ ಗಿಡವನ್ನು ಇಡಲು ಬಾರದು, ಅದು ಬೆಳೆಯುತ್ತಲೇ ಇರುತ್ತದೆ. ನಾಲ್ಕೈದು ಅಡಿ ಇದ್ದಾಗ ಇಬ್ಬರು ಎತ್ತಿ ಗಾಡಿಗೆ ಹಾಕಬಹುದು. ಕಾಂಡ ಬಂದು ಹತ್ತಡಿ ದಾಟಿದರೆ ಬೇರಿನ ಮಣ್ಣುಗಡ್ಡೆ ಸಮೇತ ಎತ್ತಲು ಕ್ರೇನ್ ಬೇಕು. ಮೂವತ್ತು ಅಡಿ ಆದ ಮೇಲೆ ಅದು ನಿಮ್ಮ ಹೊಲದ ಅಲಂಕಾರ, ಅಷ್ಟೆ.

ಮೂರು, ದೊಡ್ಡ ಗಿಡ ಕೊಳ್ಳುವವರು ಬಡಾವಣೆ, ಹೋಟೆಲು, ಕಲ್ಯಾಣ ಮಂಟಪದ ತೋಟ ಮಾಡುವ ಗುತ್ತಿಗೆದಾರರು. ಕಟ್ಟಡದ ಕೆಲಸ ನಿಂತರೆ ಅವರ ಕೊಳ್ಳುವಿಕೆಯೂ ನಿಂತಿತು. 2020ರ ಲಾಕ್‌ಡೌನ್‌ನಲ್ಲಿ ಇದನ್ನು ಕಂಡೆವು. ಪರಿಚಯದ ರೈತರೊಬ್ಬರ ಗಿಡ ಕಿತ್ತುಕೊಂಡು ಹೋದ ಗುತ್ತಿಗೆದಾರ ಅರ್ಧ ಹಣಕ್ಕೆ ವರ್ಷ ಅಲೆಸಿದ. ಗಿಡ ಗಾಡಿ ಹತ್ತುವ ಮೊದಲೇ ಹಣ ಕೈಗೆ ಬರಲಿ. ಸಿದ್ದಾಪುರದ ಹಿರಿಯ ನರ್ಸರಿಯವರೊಬ್ಬರು ನನಗೆ ಹೇಳಿದ್ದೂ ಇದನ್ನೇ: "ನೋಡಿ ಗೌಡ್ರೇ, ಬೇರು ಕಿತ್ತ ಗಿಡಕ್ಕೆ ಚೌಕಾಸಿ ಮಾಡೋ ಟೈಮ್ ಇರಲ್ಲ."

ಹಾಗಾದರೆ ಬೆಳೆಯಬಾರದೇ? ಬೆಳೆಯಬಹುದು, ಬದುವಿನಲ್ಲಿ. ಒಂದು ಎಕರೆ ಚೌಕದ ಸುತ್ತಳತೆ ಸುಮಾರು 835 ಅಡಿ. ಹನ್ನೆರಡು ಅಡಿಗೊಂದರಂತೆ 70 ಗಿಡ ಕೂರುತ್ತವೆ. ರಾಗಿ, ಅವರೆ, ತರಕಾರಿ ಯಾವುದನ್ನೂ ಬಿಡಬೇಕಾಗಿಲ್ಲ. ಗರಿ ಎಂಟು ಹತ್ತರಷ್ಟೇ ಇರುವುದರಿಂದ ನೆರಳೂ ಹೆಚ್ಚಿಲ್ಲ. ಒಟ್ಟಿಗೆ ನೆಡದೆ ವರ್ಷಕ್ಕೆ ಇಪ್ಪತ್ತರಂತೆ ನೆಟ್ಟರೆ ಮಾರುವ ಗಿಡವೂ ವರ್ಷಕ್ಕಿಷ್ಟು ಸಿಗುತ್ತದೆ. ಕಡೆಗೆ ಎರಡು ಮೂರು ಮರವನ್ನು ಮಾರದೆ ಬಿಡಿ. ಅವು ಬೀಜಕ್ಕೆ. ಬೀಜ ಮನೆಯದಾದರೆ ಚೀಲದ ಸಸಿಯಲ್ಲಿ ನಷ್ಟದ ಭಯ ಕಡಿಮೆ. ನನ್ನ ಅನುಭವದಲ್ಲಿ ದೊಡ್ಡ ಗಿಡದ ದೊಡ್ಡ ಮೊತ್ತಕ್ಕಿಂತ ಸಣ್ಣ ಸಸಿಯ ಸಣ್ಣ ಹಣವೇ ಕೈಗೆ ಸರಿಯಾಗಿ ಬಂದಿದೆ.

ಶುರು ಮಾಡುವ ಆಸೆ ಇದ್ದವರು ಮೊದಲು ಸಿದ್ದಾಪುರಕ್ಕೆ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ. ಕೊಳ್ಳಲು ಅಲ್ಲ, ಕೇಳಲು. ಯಾವ ಎತ್ತರದ ಗಿಡ ಹೋಗುತ್ತೆ, ಯಾವ ತಿಂಗಳು ಹೋಗುತ್ತೆ, ರೈತನಿಂದ ಎಷ್ಟಕ್ಕೆ ತಗೋತೀರಿ ಅಂತ ನಾಲ್ಕು ಕಡೆ ವಿಚಾರಿಸಿ. ಆಮೇಲೆ ಇಪ್ಪತ್ತು ಬೀಜ ತಂದು ಪಾತಿಗೆ ಹಾಕಿ. ಅವು ಮೊಳೆಯುವಷ್ಟರಲ್ಲಿ ಈ ಗಿಡ ನಿಮಗೆ ಹೊಂದುತ್ತದೋ ಇಲ್ಲವೋ ನಿಮಗೇ ತಿಳಿಯುತ್ತದೆ.